ಪುಣೆಯ ಬರಿದಾದ ಮನೆ ಮತ್ತು 216 ಕುಣಿಕೆಗಳು

ಹಾಸ್ಟೆಲ್ ಬಿಟ್ಟು ಕೋಥ್ರೂಡಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಗೆ ನಾನೂ ಕಲಬುರಗಿಯ ನನ್ನ ಗೆಳತಿಯೂ ಬಂದದ್ದು ಎಂ.ಎಸ್‌ಸಿ. ಎರಡನೆಯ ವರ್ಷದ ಜುಲೈ ತಿಂಗಳಲ್ಲಿ. 11 ತಿಂಗಳ ಬಾಡಿಗೆ ಕರಾರು, ಠೇವಣಿ, ದಲ್ಲಾಳಿಯ ಪಾಲು, ಪೊಲೀಸ್ ಠಾಣೆಗೆ ಕೊಡಬೇಕಾದ ಬಾಡಿಗೆದಾರರ ವಿವರ ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ತೀರಿತ್ತು. ಮಂಚ, ಕುರ್ಚಿ, ಮೇಜು ಯಾವುದೂ ಇಲ್ಲದ ಆ ಮನೆಯಲ್ಲಿ ಎರಡು ಚಾಪೆ, ಒಂದು ಒಲೆ, ಪುಸ್ತಕ ತುಂಬಿದ ನಾಲ್ಕು ರಟ್ಟಿನ ಪೆಟ್ಟಿಗೆಗಳು ಮತ್ತು ಧಾರವಾಡದಿಂದ ನಾನು ತಂದುಕೊಂಡಿದ್ದ ಅಜ್ಜಿಯ ನಿಟ್ಟಿಂಗ್ ಕಡ್ಡಿಗಳು ಇದ್ದವು. ಆ ಮನೆಯ ಮೊದಲ ಐದು ತಿಂಗಳಲ್ಲಿ ನಾನು ಒಂದೇ ಸ್ವೆಟರನ್ನು ಎರಡು ಸಲ ಹೆಣೆದೆ. ಅದನ್ನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ, ಹಣವೂ ಜಾಗವೂ ಕಡಿಮೆ ಇರುವ ವಿದ್ಯಾರ್ಥಿಗೆ ಯಾವ ಕ್ರಮ ಒಗ್ಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುಣೆಯ ಚಳಿ ಉತ್ತರ ಭಾರತದ ಚಳಿಯಂತಲ್ಲ. ಡಿಸೆಂಬರ್, ಜನವರಿ ತಿಂಗಳ ಬೆಳಗಿನಲ್ಲಿ 10ರಿಂದ 12 ಡಿಗ್ರಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುವ ಉಷ್ಣತೆ ಮಧ್ಯಾಹ್ನದ ಹೊತ್ತಿಗೆ 30ರ ಸಮೀಪಕ್ಕೆ ಏರಿಬಿಡುತ್ತದೆ. ಬೆಳಗಿನ ಏಳು ಗಂಟೆಯ ಪ್ರಾಯೋಗಿಕ ತರಗತಿಗೆ ಬಸ್ಸಿಗಾಗಿ ಕಾಯುತ್ತ ನಿಂತಾಗ ಬೇಕೇ ಬೇಕೆನಿಸುವ ಸ್ವೆಟರು ಒಂದು ಗಂಟೆಯ ಊಟದ ಹೊತ್ತಿಗೆ ಚೀಲ ಸೇರಿರುತ್ತದೆ. ಹೀಗಾಗಿ ಇಲ್ಲಿಗೆ ಬೇಕಾದದ್ದು ಹಗುರವಾದ, ಮಡಿಸಿದರೆ ಚೀಲದಲ್ಲಿ ಹಿಡಿಯುವ ಸ್ವೆಟರು. ಈ ಮಾತು ನೂಲು ಕೊಳ್ಳುವ ಮೊದಲೇ ತಲೆಯಲ್ಲಿರಬೇಕು.

ನೂಲಿಗಾಗಿ ತುಳಶೀಬಾಗಿಗೆ ಹೋದೆ. ಲಕ್ಷ್ಮಿ ರಸ್ತೆಯ ಪಕ್ಕದ ಆ ಇಕ್ಕಟ್ಟಾದ ಪೇಟೆಯಲ್ಲಿ ಪಾತ್ರೆ, ಬಳೆ, ಗುಂಡಿ, ದಾರ ಎಲ್ಲವೂ ದೊರೆಯುತ್ತವೆ. ಮೊದಲ ಅಂಗಡಿಯವರು ಅಪ್ಪಟ ಉಣ್ಣೆಯೆಂದು ಹೇಳಿ ತೋರಿಸಿದ ನೂಲಿನ ಒಂದೇ ಒಂದು ಉಂಡೆಯನ್ನು ಕೊಂಡು ಮನೆಗೆ ಬಂದು, ಒಂದು ಗೇಣು ತುಂಡನ್ನು ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿದೆ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ನನ್ನ ತಟ್ಟೆಯಲ್ಲಿ ಉಳಿದದ್ದು ಕರಗಿ ಗಟ್ಟಿಯಾದ ಕಪ್ಪು ಮಣಿ, ಅಂದರೆ ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಅಗ್ಗ, ತೊಳೆಯಲು ಸುಲಭ, ಮಕ್ಕಳ ಸ್ವೆಟರಿಗೆ ಅದೇ ಸರಿ. ಆದರೆ ಬಿಚ್ಚಿ ಮತ್ತೆ ಹೆಣೆಯುವ ಸಾಧ್ಯತೆ ಇರುವ ಕಲಿಕೆಯ ಕೆಲಸಕ್ಕೆ ಉಣ್ಣೆಯಷ್ಟು ಸಹನೆ ಬೇರೆ ನೂಲಿಗಿಲ್ಲ. ತೇವಗೊಳಿಸಿದರೆ ಉಣ್ಣೆ ತನ್ನ ಸುರುಳಿಯನ್ನು ಬಿಟ್ಟುಕೊಡುತ್ತದೆ, ಅಕ್ರಿಲಿಕ್ ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಎರಡನೆಯ ಅಂಗಡಿಯಲ್ಲಿ 50 ಗ್ರಾಂ ತೂಕದ 11 ಉಂಡೆಗಳನ್ನು, ಪ್ರತಿಯೊಂದರ ಚೀಟಿಯ ಮೇಲಿನ ಬಣ್ಣದ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ಸಂಖ್ಯೆ) ಒಂದೇ ಎಂದು ನೋಡಿಕೊಂಡು, ಒಟ್ಟಿಗೇ ಕೊಂಡೆ. ಎರಡು ಲಾಟ್‌ಗಳ ನಡುವಿನ ಬಣ್ಣದ ವ್ಯತ್ಯಾಸ ಅಂಗಡಿಯ ದೀಪದಲ್ಲಿ ಕಾಣುವುದಿಲ್ಲ, ಬಿಸಿಲಿನಲ್ಲಿ ಎದೆಯ ಮೇಲೆ ಅಡ್ಡಗೆರೆಯಾಗಿ ಕಾಣುತ್ತದೆ. ಆರಿಸಿದ್ದು ತಿಳಿ ಬೂದು ಬಣ್ಣ. ನಮ್ಮ ಕೋಣೆಯ ಒಂದೇ ಟ್ಯೂಬ್‌ಲೈಟಿನ ಕೆಳಗೆ ರಾತ್ರಿ ಕಪ್ಪು ನೂಲಿನ ಕುಣಿಕೆಗಳನ್ನು ಎಣಿಸುವುದು ಆಗದ ಮಾತಾಗಿತ್ತು.

ಇದನ್ನು ಬರೆಯುವಾಗ ನೆನಪಾಗುವುದು ಕಂಬಳಿ. ನಮ್ಮ ಕಡೆ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕಂಬಳಿಯೂ ಇಲ್ಲಿ ಧನಗರರು ಹೆಗಲ ಮೇಲೆ ಹಾಕಿಕೊಳ್ಳುವ ಘೋಂಗಡಿಯೂ ಒಂದೇ ಉಣ್ಣೆಯವು. ಆ ನೂಲಿನಿಂದಲೇ ಹೆಣೆಯಬೇಕೆಂಬ ಆಸೆ ನನಗಿತ್ತು. ಆದರೆ ಅದರ ಎಳೆ ದಪ್ಪ ಮತ್ತು ಒರಟು. ಮಳೆ ತಡೆಯುವುದಕ್ಕೂ ನೆಲದ ಮೇಲೆ ಹಾಸುವುದಕ್ಕೂ ಅದಕ್ಕಿಂತ ಒಳ್ಳೆಯದಿಲ್ಲ, ಕೊರಳಿಗೆ ತಾಗಿ ಕೂರುವ ಸ್ವೆಟರಿಗೆ ಅದು ಹೊಂದುವುದಿಲ್ಲ.

ಈಗ ತಪ್ಪಿನ ಮಾತು. ನನ್ನ ಎದೆಯ ಸುತ್ತಳತೆ 88 ಸೆಂ.ಮೀ. ಒಳಗೆ ಅಂಗಿ ಹಾಕಿಕೊಳ್ಳಲು 10 ಸೆಂ.ಮೀ. ಸಡಿಲ ಸೇರಿಸಿದರೆ 98. ನೂಲಿನ ಚೀಟಿಯ ಮೇಲೆ 4 ಮಿ.ಮೀ. ಕಡ್ಡಿಗೆ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು ಎಂದು ಅಚ್ಚಾಗಿತ್ತು. ಆ ಲೆಕ್ಕದಲ್ಲಿ ಬರುವ 216 ಕುಣಿಕೆಗಳನ್ನು ನಾನು ಅಳತೆಯ ತುಂಡು (ಕುಣಿಕೆ ಎಣಿಸಿ ನೋಡಲೆಂದು ಮೊದಲು ಹೆಣೆಯುವ ಚಿಕ್ಕ ಮಾದರಿ) ಹೆಣೆಯದೆಯೇ ಹಾಕಿಕೊಂಡುಬಿಟ್ಟೆ. ಹೊಸ ಮನೆಯ ಓಡಾಟದಲ್ಲಿ ಒಂದು ಸಂಜೆ ಉಳಿಸಬೇಕೆಂದು ಹಾಗೆ ಮಾಡಿದ್ದೆ. ನನ್ನ ಕೈ ಸಡಿಲ. ನನ್ನ ಹೆಣಿಗೆಯಲ್ಲಿ 10 ಸೆಂ.ಮೀ.ಗೆ ಬರುತ್ತಿದ್ದುದು 20 ಕುಣಿಕೆಗಳು ಮಾತ್ರ, ಹಾಗಾಗಿ ಅದೇ 216 ಕುಣಿಕೆಗಳು 108 ಸೆಂ.ಮೀ. ಸುತ್ತಳತೆಯಾಗಿ ಹರಡಿದವು. ಸುತ್ತು ಕಡ್ಡಿಯ (ಬಾಗುವ ತಂತಿಯಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿಗಳು) ಮೇಲೆ ಕುಣಿಕೆಗಳು ಒತ್ತಾಗಿ ಕೂತಿರುವಾಗ ಇದು ಗೊತ್ತಾಗುವುದಿಲ್ಲ. ತೋಳಿನ ಬುಡದವರೆಗೆ ಹೆಣೆದು, ಕುಣಿಕೆಗಳನ್ನು ಉದ್ದನೆಯ ದಾರಕ್ಕೆ ಇಳಿಸಿ ಮೈಗೆ ಹಿಡಿದು ನೋಡಿದಾಗಲೇ ತಿಳಿದದ್ದು. ಒಂದು ಸುತ್ತಿಗೆ ನನಗೆ 9 ನಿಮಿಷ ಬೇಕು. 114 ಸುತ್ತುಗಳೆಂದರೆ ಹೆಚ್ಚುಕಡಿಮೆ 17 ಗಂಟೆಗಳ ಕೆಲಸ. ಉಳಿಸಿಕೊಳ್ಳಲು ನೋಡಿದ ಒಂದು ಸಂಜೆಗೆ ಪ್ರತಿಯಾಗಿ ಇಷ್ಟು ಹೋಯಿತು.

ಸೆಪ್ಟೆಂಬರ್ ಕೊನೆಯ ಮಳೆಯ ರಾತ್ರಿ ಅದನ್ನು ಬಿಚ್ಚಿದೆವು. ಕುರ್ಚಿ ಇಲ್ಲದಿದ್ದುದರಿಂದ ಗೆಳತಿ ಗೋಡೆಗೆ ಒರಗಿ ಎರಡು ಮೊಣಕಾಲುಗಳನ್ನು ಅಗಲಿಸಿ ಕುಳಿತಳು, ನಾನು ನೂಲು ಎಳೆದು ಅವಳ ಮೊಣಕಾಲುಗಳ ಸುತ್ತ ಸುತ್ತಿದೆ. ಬಿಚ್ಚಿದ ನೂಲು ಶಾವಿಗೆಯ ಹಾಗೆ ಗುಂಗುರು ಗುಂಗುರಾಗಿರುತ್ತದೆ. ಹಾಗೆಯೇ ಮತ್ತೆ ಹೆಣೆದರೆ ಕುಣಿಕೆಗಳು ಒಂದರಂತೆ ಒಂದು ಬರುವುದಿಲ್ಲ. ಸುತ್ತಿದ ಲಡಿಯನ್ನು ನಾಲ್ಕು ಕಡೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಬಚ್ಚಲುಮನೆಯ ಕೊಕ್ಕೆಗೆ ತೂಗುಹಾಕಿ ಕೆಳಗಿನ ತುದಿಗೆ ಒಂದು ತಂಬಿಗೆ ಕಟ್ಟಿದೆ. ಮಳೆಗಾಲವಾದ್ದರಿಂದ ಒಣಗಲು ಮೂರು ದಿನ ಬೇಕಾಯಿತು. ಪಡುವಣ ಗೋಡೆಯಲ್ಲಿ ತೇವ ಜಿನುಗುತ್ತಿದ್ದ ಕಾರಣ ಒಣಗಿದ ಲಡಿಗಳನ್ನು ಗೋಡೆಗಪಾಟಿನಲ್ಲಿಡದೆ, ಒಣಗಿದ ಬೇವಿನೆಲೆಯ ಗಂಟಿನೊಂದಿಗೆ ಹಳೆಯ ದಿಂಬಿನ ಚೀಲದಲ್ಲಿ ಕಟ್ಟಿ ಮೊಳೆಗೆ ನೇತುಹಾಕಿದೆ.

ಎರಡನೆಯ ಸಲ ಅಳತೆಯ ತುಂಡುಗಳನ್ನು ಹೆಣೆದೆ: 4 ಮಿ.ಮೀ.ನಲ್ಲಿ ಒಂದು, 3.75ರಲ್ಲಿ ಒಂದು. ಪ್ರತಿಯೊಂದೂ 15 ಸೆಂ.ಮೀ. ಅಗಲ, ಏಕೆಂದರೆ ಅಂಚಿನ ಕುಣಿಕೆಗಳು ಸುಳ್ಳು ಅಳತೆ ಕೊಡುತ್ತವೆ, ನಡುವಿನ 10 ಸೆಂ.ಮೀ.ಯನ್ನು ಮಾತ್ರ ಎಣಿಸಬೇಕು. ತೊಳೆದು ಒಣಗಿಸಿ ಎಣಿಸಿದಾಗ 3.75ರ ತುಂಡಿನಲ್ಲಿ ಸರಿಯಾಗಿ 22 ಬಂದವು. ಇನ್ನೂ ಒಂದು ವಿಷಯ ಆಗ ಗೊತ್ತಾಯಿತು. ನನ್ನ ಉಲ್ಟಾ ಕುಣಿಕೆ (ನೂಲನ್ನು ಮುಂದಿಟ್ಟುಕೊಂಡು ಹೆಣೆಯುವುದು) ಸೀದಾ ಕುಣಿಕೆಗಿಂತ (ನೂಲನ್ನು ಹಿಂದಿಟ್ಟುಕೊಂಡು ಹೆಣೆಯುವುದು) ಸಡಿಲ. ತಿರುಗಿಸಿ ಹೆಣೆದರೆ ಒಂದು ಸಾಲು ಬಿಟ್ಟು ಒಂದು ಉಲ್ಟಾ ಬರುತ್ತದೆ, ಸುತ್ತಾಗಿ ಹೆಣೆದರೆ ಎಲ್ಲವೂ ಸೀದಾ. ಆದ್ದರಿಂದ ಹಿಂದೆ ಮುಂದೆ ತಿರುಗಿಸಿ ಹೆಣೆದ ತುಂಡಿಗೂ ಸುತ್ತಾಗಿ ಹೆಣೆದ ತುಂಡಿಗೂ ಅಳತೆ ಒಂದೇ ಬರುವುದಿಲ್ಲ. ಮೈಭಾಗವನ್ನು ಸುತ್ತಾಗಿ ಹೆಣೆಯುವುದಾದರೆ ಅಳತೆಯ ತುಂಡನ್ನೂ ಸುತ್ತಾಗಿಯೇ ಹೆಣೆಯಬೇಕು.

ಲೆಕ್ಕಕ್ಕೆ ನಾನು ಅನುಸರಿಸಿದ್ದು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ ಹೆಣಿಗೆ ಕಲಿಸುತ್ತಿದ್ದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಅವರು ಬಳಕೆಗೆ ತಂದ ಶೇಕಡಾವಾರು ಪದ್ಧತಿಯನ್ನು. ಮೈಭಾಗದ ಕುಣಿಕೆಗಳ ಸಂಖ್ಯೆಯೊಂದು ಸಿಕ್ಕರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ ಎಂಬುದು ಈ ಪದ್ಧತಿಯ ಸೊಗಸು, ನಮೂನೆಯ ಪುಸ್ತಕ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಮುಂಗೈಗೆ 216ರ ಶೇ. 20, ಅಂದರೆ 43. ಬಾರ್ಡರಿನ ಎರಡು ಸೀದಾ ಎರಡು ಉಲ್ಟಾ ಹೊಂದಲೆಂದು 44 ಮಾಡಿಕೊಂಡೆ. ತೋಳಿನ ಮೇಲ್ಭಾಗಕ್ಕೆ ಶೇ. 33, ಅಂದರೆ 71ಕ್ಕಿಂತ ಸ್ವಲ್ಪ ಹೆಚ್ಚು, 72 ಮಾಡಿಕೊಂಡೆ. ಕಂಕುಳಿಗೆ ಶೇ. 8, ಅಂದರೆ 17ಕ್ಕಿಂತ ಸ್ವಲ್ಪ ಹೆಚ್ಚು, 18 ಮಾಡಿಕೊಂಡೆ. ಕೊರಳಿಗೆ ಶೇ. 40, ಅಂದರೆ 86ರ ಆಸುಪಾಸು. ತೋಳಿನಲ್ಲಿ 44ರಿಂದ 72ಕ್ಕೆ ಏರಲು 28 ಕುಣಿಕೆ ಹೆಚ್ಚಬೇಕು. ಒಂದು ಸಲಕ್ಕೆ ಎರಡರಂತೆ 14 ಸಲ. ಬಾರ್ಡರ್ ಬಿಟ್ಟು ತೋಳಿನ ಉದ್ದ 38 ಸೆಂ.ಮೀ., ಎಂದರೆ 114 ಸಾಲು; ಆದ್ದರಿಂದ ಎಂಟು ಸಾಲಿಗೊಮ್ಮೆ ಹೆಚ್ಚಿಸಿದೆ. ಕಂಕುಳ ಬಳಿ ಮೈ ಮತ್ತು ಎರಡು ತೋಳುಗಳು ಒಂದೇ ಕಡ್ಡಿಗೆ ಸೇರಿದಾಗ, ಮೈಯ ಎರಡು ಬದಿ ಮತ್ತು ಎರಡು ತೋಳು ಹೀಗೆ ನಾಲ್ಕು ಕಡೆ ಕಂಕುಳಿಗೆಂದು 18ರಂತೆ ಬಿಟ್ಟು, ಉಳಿಯುವುದು 288 ಕುಣಿಕೆ. ಅಲ್ಲಿಂದ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ, ನಾಲ್ಕು ಸೇರುವೆಗಳ ಎರಡೂ ಬದಿಯಲ್ಲಿ ಒಂದೊಂದರಂತೆ ಎಂಟು ಕುಣಿಕೆ ಕಡಿಮೆ ಮಾಡುತ್ತ 25 ಸಲ ಹೋದರೆ ಕೊರಳಿಗೆ 88 ಉಳಿಯುತ್ತವೆ. ಈ ಅಂಕಿಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ಸೀಸದಕಡ್ಡಿಯಿಂದ ಬರೆದಿಟ್ಟೆ, ಮುಗಿದಷ್ಟಕ್ಕೆ ಗೀಟು ಹಾಕುತ್ತ ಹೋದೆ.

ಅಜ್ಜಿ ಕಲಿಸಿದ್ದು ಬೆನ್ನು, ಎದೆ, ತೋಳು ಎಂದು ಬೇರೆಬೇರೆ ಹೆಣೆದು ಕೊನೆಗೆ ಹೊಲಿಯುವ ಕ್ರಮ. ನಾನು ಮೈಭಾಗವನ್ನು ಹೊಲಿಗೆಯಿಲ್ಲದೆ ಸುತ್ತಾಗಿ ಮನೆಯಲ್ಲಿಯೂ, ತೋಳುಗಳನ್ನು ಮಾತ್ರ ಹಳೆಯ ಕ್ರಮದಲ್ಲಿ ಬಿಡಿಯಾಗಿ ಬಸ್ಸಿನಲ್ಲಿಯೂ ಹೆಣೆದೆ. ತೋಳು ಚಿಕ್ಕದು, ಚೀಲದಲ್ಲಿ ಹಿಡಿಯುತ್ತದೆ, ಎಂಟು ಸಾಲಿಗೊಂದು ಗುರುತು ಬಿಟ್ಟರೆ ಬೇರೆ ಲೆಕ್ಕ ಬೇಡುವುದಿಲ್ಲ. ಅಜ್ಜಿಯ ಉದ್ದನೆಯ ಅಲ್ಯೂಮಿನಿಯಂ ಕಡ್ಡಿ ಪಕ್ಕದವರಿಗೆ ಚುಚ್ಚುವುದರಿಂದ ಬಸ್ಸಿನಲ್ಲಿ ಸುತ್ತು ಕಡ್ಡಿಯಿಂದಲೇ ಹಿಂದೆ ಮುಂದೆ ತಿರುಗಿಸಿ ಹೆಣೆಯಬೇಕು. ಸಡಿಲವಾದ ಉಲ್ಟಾ ಸಾಲನ್ನು ಸರಿದೂಗಿಸಲು ಇದಕ್ಕೆ 3.5 ಮಿ.ಮೀ. ಕಡ್ಡಿ ಬಳಸಿದೆ, ಹೊಲಿಗೆಗೆಂದು ಎರಡೂ ಅಂಚಿಗೆ ಒಂದೊಂದು ಕುಣಿಕೆ ಹೆಚ್ಚಿಗೆ ಇಟ್ಟೆ. ಕೋಥ್ರೂಡ್ ಡಿಪೊದಿಂದ ವಿಶ್ವವಿದ್ಯಾಲಯದ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕ ದಿನ ಹತ್ತು ಹನ್ನೆರಡು ಸಾಲು ಆಗುತ್ತಿತ್ತು.

ಕೊರಳಿಗೆ ಬಂದಾಗ ಎದುರು ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ನೆರವಾದರು. ಅವರ ತವರು ಸೊಲ್ಲಾಪುರದ ಕಡೆ, ಮನೆಯಲ್ಲಿ ಮರಾಠಿ, ನನ್ನೊಂದಿಗೆ ಕನ್ನಡ. ಸೀದಾ ಉಲ್ಟಾ ಎಂದು ನಾನು ಎಣಿಸಿದರೆ ಅವರು ಸುಲಟ್ ಉಲಟ್ ಎಂದು ಎಣಿಸುವರು. ನಾನು ಕುಣಿಕೆ ಮುಚ್ಚಿ (ಬಿಚ್ಚಿಹೋಗದಂತೆ ಒಂದರ ಮೇಲೊಂದು ದಾಟಿಸಿ) ಮುಗಿಸಿದ ಕೊರಳ ಪಟ್ಟಿಯೊಳಗೆ ಅವರು ತಮ್ಮ ಎರಡೂ ಕೈಗಳ ಬೆರಳುಗಳನ್ನು ತೂರಿಸಿ ಹಿಗ್ಗಿಸಿ ನೋಡಿದರು. ಕೆಳಗಿನ ಬಾರ್ಡರ್ ಹಿಗ್ಗಿತು, ಅಂಚು ಮಾತ್ರ ತಂತಿಯಂತೆ ಬಿಗಿದುಕೊಂಡು ನಿಂತಿತು.

“ಇಷ್ಟ ಬಿಗಿ ಆದ್ರ ತಲಿ ಹೆಂಗ ಹೊಕ್ತದ ಬಾಳಾ? ಒಂದು ಸಾಲು ಬಿಚ್ಚು, ದಪ್ಪ ಕಡ್ಡಿ ತಗೊಂಡು ಮುಚ್ಚು,” ಎಂದರು.

“ಬಿಚ್ಚಿದ್ರ ಕುಣಿಕಿ ಜಾರ್ತಾವಲ್ರೀ ಕಾಕೂ?”

“ಜಾರಂಗಿಲ್ಲ. ನೀ ಬಿಚ್ಚು, ನಾ ಹಿಡಿತೀನಿ.”

ನಾನು ಒಂದೊಂದೇ ಕುಣಿಕೆ ಬಿಚ್ಚುತ್ತ ಹೋದಂತೆ ಅವರು ಹಿಂದಿನಿಂದ ತೆಳುವಾದ 12 ನಂಬರಿನ ಕಡ್ಡಿಯನ್ನು (ಈ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು) ತೂರಿಸುತ್ತ 88ನ್ನೂ ಹಿಡಿದರು. ಅಜ್ಜಿಯ 8 ನಂಬರಿನ ಕಡ್ಡಿ, ಅಂದರೆ 4 ಮಿ.ಮೀ.ನದು, ಆಗ ಕೆಲಸಕ್ಕೆ ಬಂತು. ಮುಚ್ಚುವ ಸಾಲಿಗೆ ಬಾರ್ಡರಿನ ಕಡ್ಡಿಗಿಂತ ಎರಡು ಮೂರು ನಂಬರು ದಪ್ಪನೆಯ ಕಡ್ಡಿ ಹಿಡಿಯುವುದನ್ನು ಅಂದಿನಿಂದ ನಾನು ತಪ್ಪಿಸಿಲ್ಲ.

ತೊಳೆದು ಹದಕ್ಕೆ ತರುವ ಕೆಲಸಕ್ಕೆ ಮಾತ್ರ ಬರಿದಾದ ಮನೆಯೇ ಅನುಕೂಲ. ನಡುಮನೆಯ ನೆಲದ ಮೇಲೆ ಚಾಪೆ, ಅದರ ಮೇಲೆ ಎರಡು ಟವೆಲ್ ಹಾಸಿ, ಒದ್ದೆ ಸ್ವೆಟರನ್ನು ಚಪ್ಪಟೆಯಾಗಿ ಹರಡಿ, ಟೇಪಿನಲ್ಲಿ ಅಗಲ 49, ತೋಳು 44 ಸೆಂ.ಮೀ. ಬರುವಂತೆ ಕೈಯಿಂದ ನೇವರಿಸಿ ಕೂರಿಸಿದೆ. ಒದ್ದೆ ಉಣ್ಣೆಯನ್ನು ಹಗ್ಗಕ್ಕೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಡಿಸೆಂಬರಿನ ಒಣಗಾಳಿಗೆ ಒಂದೂವರೆ ದಿನದಲ್ಲಿ ಒಣಗಿತು, ಮರುದಿನ ಬೆಳಗಿನ ತರಗತಿಗೆ ಅದನ್ನು ಹಾಕಿಕೊಂಡೇ ಹೋದೆ.

ಒಂದು ಚಳಿಗಾಲ ಹಾಕಿಕೊಂಡು ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಹತ್ತು ಗಂಟೆಗೆಲ್ಲ ಬಿಸಿಲೇರುವ ಈ ಊರಿಗೆ ತಲೆಯಿಂದ ಹಾಕಿಕೊಳ್ಳುವ ಸ್ವೆಟರಿಗಿಂತ ಮುಂದೆ ಗುಂಡಿಯಿರುವ ಕಾರ್ಡಿಗನ್ ಮೇಲು. ತರಗತಿಯ ನಡುವೆ ಕೂದಲು ಕೆದರದಂತೆ ತೆಗೆಯಬಹುದು, ಸಂಜೆ ಹೆಗಲ ಮೇಲೆ ಹಾಕಿಕೊಳ್ಳಬಹುದು. ಮುಂದಿನದನ್ನು ಹಾಗೆಯೇ ಹೆಣೆಯುವವಳಿದ್ದೇನೆ, ಅದು ಅಪ್ಪನಿಗೆ. ಅಪ್ಪನ ಮೈ ಅಳತೆ ತೆಗೆಯಲು ನಾನು ಧಾರವಾಡದಲ್ಲಿಲ್ಲ, ಆದ್ದರಿಂದ ಅವ್ವನಿಗೆ ಫೋನಿನಲ್ಲಿ ಹೇಳಿ, ಅಪ್ಪನಿಗೆ ಚೆನ್ನಾಗಿ ಹೊಂದುವ ಹಳೆಯ ಸ್ವೆಟರನ್ನು ಮಂಚದ ಮೇಲೆ ಎಳೆಯದೆ ಹರಡಿಸಿ, ಕಂಕುಳಿಂದ ಕಂಕುಳಿಗೆ ದಾರ ಹಿಡಿಸಿ ಅಳೆಸಿದೆ. 54 ಸೆಂ.ಮೀ. ಬಂತು, ಸುತ್ತಳತೆ 108. ತಿರುಗಿಸಿ ಹೆಣೆದ ಅಳತೆಯ ತುಂಡು ಈಗ ಟವೆಲಿನ ಮೇಲೆ ಒಣಗುತ್ತಿದೆ. ಅದನ್ನು ಎಣಿಸಿದ ಮೇಲೆಯೇ ಕುಣಿಕೆ ಹಾಕಿಕೊಳ್ಳುತ್ತೇನೆ.