ಕೈಯಲ್ಲಿ ದುಡ್ಡು ಕಮ್ಮಿ ಇದ್ರೆ ಹಳೇ ಮನೆ ತಗೊಂಡು, ನಾವೇ ರಿಪೇರಿ ಮಾಡಿ ಬಾಡಿಗೆಗೆ ಬಿಡೋದು ಹೇಗೆ

ಸ್ವೆಟ್ ಇಕ್ವಿಟಿ ಅಂತ ಏನು ಹೇಳ್ತಾರೋ ಅದು ಇಷ್ಟೇ, ಪೇಂಟರ್‌ಗೆ ಹೆಲ್ಪರ್‌ಗೆ ಕೊಡೋ ಕೂಲಿ ಕೆಲಸಾನ ನಾವೇ ಮೈ ಬಗ್ಗಿಸಿ ಮಾಡಿ ಮನೆ ಬೆಲೆ, ಬಾಡಿಗೆ ಎರಡೂ ಏರೋ ಹಾಗೆ ಮಾಡೋದು. ನಾನು, ನನ್ನ ಹೆಂಡ್ತಿ ಮೈಸೂರಲ್ಲಿ 20-30 ಸೈಟಿನ ಒಂದು ಹಳೇ ಆರ್‌ಸಿಸಿ ಮನೆ ಹೀಗೇ ಸರಿ ಮಾಡಿದ್ವಿ, ಬರೀ ಭಾನುವಾರ ಮತ್ತೆ ಹಬ್ಬದ ರಜೆಗಳಲ್ಲಿ, ಐದು ತಿಂಗಳು ಹಿಡೀತು.

ಮೊದ್ಲು ಪೇಪರ್, ಗೋಡೆ ಆಮೇಲೆ. 30 ವರ್ಷದ ಇಸಿ, ಅಂದ್ರೆ ಆಸ್ತಿ ಮೇಲೆ ನೋಂದಣಿ ಆಗಿರೋ ಮಾರಾಟ, ಸಾಲ ತೋರ್ಸೋ ಪತ್ರ ತೆಗ್ಸಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ, ಅದಕ್ಕೂ ಹಿಂದಿನದು ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ. ಇ-ಖಾತಾ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ, ಕಂದಾಯ ಬಾಕಿ ಇದ್ಯಾ ನೋಡಿ. ಅಪ್ಪನ ಆಸ್ತಿ ಅಣ್ಣತಮ್ಮಂದಿರು ಮಾರ್ತಿದಾರೆ ಅಂದ್ರೆ ಅಕ್ಕತಂಗಿಯರು ಸಹಿ ಹಾಕ್ತಾರಾ ಅಂತ ಖಂಡಿತ ಕೇಳಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ವಕೀಲರ ಫೀಸಲ್ಲಿ ಉಳಿಸೋಕೆ ಹೋಗ್ಬೇಡಿ, ಪೇಪರ್ ಸರಿ ಇಲ್ದಿರೋ ಮನೆಗೆ ಎಷ್ಟು ಪೇಂಟ್ ಬಳಿದ್ರೂ ದಂಡ.

ಕೈಯಲ್ಲಿ ಎಷ್ಟಿರ್ಬೇಕು? 25 ಲಕ್ಷದ ಮನೆ ಅಂತಿಟ್ಕೊಳ್ಳಿ. 30 ಲಕ್ಷದೊಳಗಿನ ಹೋಮ್ ಲೋನ್‌ಗೆ ಬ್ಯಾಂಕ್ ಹೆಚ್ಚಂದ್ರೆ ಬೆಲೆಯ ಶೇ 90 ಕೊಡಬಹುದು, ಹಳೇ ಕಟ್ಟಡ ಅಂದ್ರೆ ವ್ಯಾಲ್ಯುಯೇಷನ್ನೇ ಕಮ್ಮಿ ಮಾಡಿ ಲೋನ್ ಇಳಿಸೋದೂ ಉಂಟು. ರಿಜಿಸ್ಟ್ರೇಷನ್ ಖರ್ಚು ನಾವೇ ಹಾಕ್ಬೇಕು, ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, 2025ರ ಆಗಸ್ಟ್ ಕೊನೇಲಿ ಶೇ 2ಕ್ಕೆ ಏರಿಸಿದ ನೋಂದಣಿ ಶುಲ್ಕ ಎಲ್ಲಾ ಸೇರಿ ಹತ್ತಿರ ಹತ್ತಿರ 1 ಲಕ್ಷ 90 ಸಾವಿರ.

ಮನೆ ನೋಡೋಕೆ ಮಳೆ ಬಂದ ಮಾರನೇ ದಿನ ಹೋಗಿ. ಜೇಬಲ್ಲಿರೋ ನಾಣ್ಯದಲ್ಲಿ ಗೋಡೆಯನ್ನ ಮೇಲಿಂದ ಕೆಳಗೆ ಕುಟ್ತಾ ಬನ್ನಿ, ಗಟ್ಟಿ ಸದ್ದು ಬಂದ್ರೆ ಪ್ಲಾಸ್ಟರ್ ಹಿಡ್ಕೊಂಡಿದೆ, ಡೊಳ್ಳು ಡೊಳ್ಳು ಅಂದ್ರೆ ಒಳಗೆ ಬಿಟ್ಟಿದೆ. ಪ್ಲಾಸ್ಟರ್ ಬಿಟ್ಟಿದ್ರೆ ಹೆದರ್ಬೇಡಿ, ಅದನ್ನೇ ಹೇಳಿ ರೇಟ್ ಇಳಿಸಿ. ಆದ್ರೆ ಸೂರಿನ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣ್ತಿದೆ ಅಂದ್ರೆ ಆ ಮನೆ ಬಿಟ್ಬಿಡಿ, ಅದು ನಮ್ಮ ಕೈಲಾಗೋ ಕೆಲಸ ಅಲ್ಲ.

ಕೆಲಸ ತಾರಸಿಯಿಂದ ಶುರು ಮಾಡಿ, ನಾವು ಆತುರಕ್ಕೆ ಮೊದ್ಲು ಹಾಲ್‌ಗೆ ಪೇಂಟ್ ಹೊಡೆದು ಒಂದೇ ಮಳೆಗೆ ಎಲ್ಲಾ ಉಬ್ಬಿ ಉದುರಿ ಮತ್ತೆ ಹೆರೆದ್ವಿ, ಎರಡು ಭಾನುವಾರ ಹೋಯ್ತು. ವಾಟರ್‌ಪ್ರೂಫಿಂಗ್, ಪ್ಲಂಬಿಂಗ್, ವೈರಿಂಗ್ ಗೊತ್ತಿರೋರ ಕೈಲೇ ಮಾಡ್ಸಿ. ಹಳೇ ಡಿಸ್ಟೆಂಪರ್ ಹೆರೆಯೋದು, ಗೋಡೆಗೆ ಪುಟ್ಟಿ ಹಾಕೋದು, ಎಮರಿ ಪೇಪರ್ ಉಜ್ಜೋದು, ಪ್ರೈಮರ್, ಎರಡು ಕೋಟ್ ಪೇಂಟ್, ಇದೆಲ್ಲಾ ನಾವೇ ಮಾಡಬಹುದು, ಕೂಲಿ ಉಳಿಯೋದೂ ಇಲ್ಲೇ. ಉಜ್ಜೋವಾಗ ಮಾಸ್ಕ್ ಹಾಕ್ಕೊಳ್ಳಿ, ಧೂಳು ತುಂಬಾ ಬರುತ್ತೆ.

ನೆಲದ ವಿಷಯಕ್ಕೆ ಬಂದ್ರೆ, ಹಳೇ ಮನೆ ರೆಡ್ ಆಕ್ಸೈಡ್ ನೆಲ ಕಂಡ ತಕ್ಷಣ ಟೈಲ್ಸ್ ಹಾಕ್ಸೋಣ ಅಂತಾರೆ. ಬೇಡ ರೀ! ನಮ್ಮನೇಲಿ ಮೂವತ್ತು ವರ್ಷದ ಕೊಳೆ ಕೂತು ನೆಲ ಕಪ್ಪಗಾಗಿತ್ತು, ನನ್ನ ಹೆಂಡ್ತಿ ಸೋಪಿನ ನೀರು ಹಾಕಿ ಒಂದೊಂದೇ ಮೂಲೆ ಉಜ್ಜಿದ್ಲು, ಚೆನ್ನಾಗಿ ಒಣಗಿಸಿ ಬಟ್ಟೇಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಒರೆಸಿದ್ಲು, ಸಂಜೆ ಬಾಗಿಲ ಬೆಳಕು ಬಿದ್ದಾಗ ಕುಂಕುಮದ ಥರ ಹೊಳೀತಿತ್ತು. ಮನೆ ನೋಡೋಕೆ ಬಂದ ಬಾಡಿಗೆಯವರು ಮೊದ್ಲು ಕೇಳಿದ್ದೇ ಆ ನೆಲದ ಬಗ್ಗೆ. ಎಣ್ಣೆ ಜಾಸ್ತಿ ಆದ್ರೆ ಜಾರುತ್ತೆ, ಹುಷಾರು.

ಬಾಡಿಗೆಗೋ ಭೋಗ್ಯಕ್ಕೋ? ಭೋಗ್ಯಕ್ಕೆ ಕೊಟ್ರೆ ಒಂದೇ ಸಲ ದೊಡ್ಡ ದುಡ್ಡು ಬರುತ್ತೆ ನಿಜ, ಆದ್ರೆ ಅದು ವಾಪಸ್ ಕೊಡ್ಬೇಕಾದ ಸಾಲ, ಅದನ್ನ ನಂಬಿ ಎರಡನೇ ಮನೆಗೆ ಅಡ್ವಾನ್ಸ್ ಕೊಡ್ಬೇಡಿ. ನಮಗೆ ತಿಂಗಳ ಬಾಡಿಗೆ ಇಎಂಐಗೆ ಒತ್ತಾಸೆ ಆಯ್ತು.

ಸ್ವಂತ ದುಡ್ಡು ಏನೂ ಇಲ್ದೋರು, ಭಾವನೋ ಚಿಕ್ಕಪ್ಪನೋ ದುಡ್ಡು ಹಾಕಿ ನಾವು ಕೆಲಸ ಮಾಡೋ ಥರ ಮಾಡ್ಕೋಬಹುದು. ಆದ್ರೆ ಬಾಯಿ ಮಾತಿಗೆ ಕೆಲಸ ಶುರು ಮಾಡ್ಬೇಡಿ, ಮನೇಲಿ ನಮಗೂ ಪಾಲು ಬೇಕು ಅಂದ್ರೆ ಕ್ರಯಪತ್ರದಲ್ಲೇ ನಮ್ಮ ಹೆಸರು ಸೇರಿ ರಿಜಿಸ್ಟರ್ ಆಗ್ಬೇಕು.

ಮುಂದೆ ಮಾರೋವಾಗ ಲಾಭ ಬಂದ್ರೆ ಅದರ ಮೇಲೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಬರುತ್ತೆ, ನಮ್ಮ ಸ್ವಂತ ದುಡಿಮೆಯನ್ನ ಅಲ್ಲಿ ಖರ್ಚು ಅಂತ ತೋರ್ಸೋಕಾಗಲ್ಲ, ಹೊಸ ಬಾತ್‌ರೂಮ್, ಹೊಸ ವೈರಿಂಗ್ ಥರದ ದೊಡ್ಡ ಖರ್ಚಿಗೆ ಬಿಲ್ ಇದ್ರೆ ತೋರಿಸಬಹುದು. ಅದಕ್ಕೇ ಅಂಗಡೀಲಿ ಬಿಳಿ ಚೀಟಿ ಬೇಡ, ಜಿಎಸ್‌ಟಿ ಬಿಲ್ಲೇ ಕೇಳಿ, ಶಾಯಿ ಮಾಸೋ ಮುಂಚೆ ಫೋಟೋ ತೆಗೆದು ಕ್ರಯಪತ್ರದ ಫೈಲಲ್ಲೇ ಇಟ್ಬಿಡಿ.