ಎಫ್1 ಒತ್ತಿದರೆ ಖಾಲಿ ಪುಟ ಬರಬಾರದು ಅಂದ್ರೆ: ಹೆಲ್ಪ್ ಫೈಲ್ ತಯಾರಿಸಲು, ತೆರೆಯಲು ಏನೇನು ಬೇಕು?

ಒಂದು ಸಾಫ್ಟ್‌ವೇರ್‌ಗೆ ಹೆಲ್ಪ್ (ಎಫ್1 ಒತ್ತಿದರೆ ತೆರೆಯುವ ಸಹಾಯದ ಪುಟಗಳು) ಬರೆಯುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ ಅಂದುಕೊಳ್ಳಿ. ಆಗ ಎಲ್ಲರೂ ಮೊದಲು ಕೇಳೋದು, "ಯಾವ ಟೂಲ್ ತಗೊಳ್ಳಲಿ?" ಅಂತ. ಅದನ್ನು ಆಮೇಲೆ ಕೇಳಿ. ಮೊದಲು ನೋಡಬೇಕಾದ್ದು ಓದುವವರ ಕಂಪ್ಯೂಟರ್‌ನಲ್ಲಿ ಈಗಾಗಲೇ ಏನಿದೆ ಅನ್ನೋದನ್ನ. ಹೆಲ್ಪ್ ತೆರೆಯುವವರು ಎಲ್ಲೋ ಸಿಕ್ಕಿಹಾಕಿಕೊಂಡು ತಲೆ ಕೆಟ್ಟು ಕೂತಿರುತ್ತಾರೆ. ಅಂಥವರಿಗೆ "ಇದನ್ನು ಓದಲು ಮೊದಲು ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಳ್ಳಿ" ಅಂದರೆ ಅವರು ಹೆಲ್ಪ್ ಮುಚ್ಚಿ ನಿಮಗೇ ಫೋನ್ ಮಾಡುತ್ತಾರೆ.

ಹೆಜ್ಜೆ 1: ಎರಡು ಪಟ್ಟಿ ಬರೆಯಿರಿ

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ತಯಾರಿಸುವವರಿಗೆ ಬೇಕಾದ್ದು, ಬಲಗಡೆ ಓದುವವರಿಗೆ ಬೇಕಾದ್ದು. ಬಲಗಡೆಯದನ್ನೇ ಮೊದಲು ತುಂಬಿ. ವಿಂಡೋಸ್ ಮಾತ್ರವಾ, ಮ್ಯಾಕ್, ಲಿನಕ್ಸ್ ಕೂಡ ಇದೆಯಾ? ಇಂಟರ್ನೆಟ್ ಯಾವಾಗಲೂ ಇರುತ್ತದಾ? ಹೊಸ ಪ್ರೋಗ್ರಾಂ ಹಾಕಿಕೊಳ್ಳಲು ಅವರಿಗೆ ಅನುಮತಿ ಇದೆಯಾ, ಎಲ್ಲವನ್ನೂ ಐಟಿಯವರೇ ಮಾಡಬೇಕಾ? ಫೋನಿನಲ್ಲೂ ಓದುತ್ತಾರಾ? ಹೆಲ್ಪ್ ಯಾವ ಭಾಷೆಯಲ್ಲಿ ಇರಬೇಕು? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಕನ್ನಡದಲ್ಲಿ ಹೆಲ್ಪ್ ಬರೆಯುವವರಿಗಂತೂ ಅದೇ ಎಲ್ಲಕ್ಕಿಂತ ದುಬಾರಿಯಾಗಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಸತ್ತ ಫಾರ್ಮ್ಯಾಟ್‌ಗಳನ್ನು ಪಕ್ಕಕ್ಕಿಡಿ

ಎಚ್‌ಎಲ್‌ಪಿ ಅಂತ ಕೊನೆಯಾಗುವ ಹಳೆಯ ವಿನ್‌ಹೆಲ್ಪ್ ಫೈಲ್‌ಗಳು 1990ರ ವಿಂಡೋಸ್ 3.0 ಜೊತೆ ಬಂದವು. ಆರ್‌ಟಿಎಫ್ ಅನ್ನುವ ಪಠ್ಯ ಫಾರ್ಮ್ಯಾಟ್‌ನಲ್ಲಿ ಬರೆದು ಕಂಪೈಲ್ ಮಾಡಬೇಕಿತ್ತು, ಅಂದರೆ ಹೆಲ್ಪ್ ಫೈಲಾಗಿ ಕಟ್ಟಬೇಕಿತ್ತು. ಅವನ್ನು ತೆರೆಯುವ ಪ್ರೋಗ್ರಾಂ ವಿಂಡೋಸ್ ವಿಸ್ತಾದಿಂದ ಆಚೆಗೆ ಸಿಸ್ಟಂ ಜೊತೆ ಬರುತ್ತಿಲ್ಲ. ವಿಸ್ತಾ, 7, 8ಕ್ಕೆ ಮೈಕ್ರೋಸಾಫ್ಟ್ ಬೇರೆಯಾಗಿ ಡೌನ್‌ಲೋಡ್ ಕೊಟ್ಟಿತ್ತು, 10ಕ್ಕೆ ಅದೂ ಇಲ್ಲ. ಹಾಗೆಯೇ ಪರಿವಿಡಿ, ಹುಡುಕಾಟಕ್ಕೆ ಜಾವಾ ಆ್ಯಪ್ಲೆಟ್ ಬಳಸುವ ಹಳೆಯ ವೆಬ್‌ಹೆಲ್ಪ್ (ಬ್ರೌಸರ್‌ನಲ್ಲಿ ತೆರೆಯುವ ಹೆಲ್ಪ್) ಕೂಡ ಹೋಯಿತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ್ಯಪ್ಲೆಟ್ ಓಡಿಸುವ ಪ್ಲಗಿನ್‌ಗೆ ಬಾಗಿಲು ಹಾಕಿದವು. ನಿಮ್ಮ ಹತ್ತಿರ ಇಂಥವು ಇದ್ದರೆ ರಿಪೇರಿಗೆ ಕೂರಬೇಡಿ. ಬರಹವನ್ನು ಹೊರತೆಗೆದುಕೊಂಡು ಮುಂದೆ ಹೋಗಿ.

ಹೆಜ್ಜೆ 3: ಸಿಎಚ್‌ಎಂ ಬೇಕಾ, ಬೇಡವಾ?

ಇಲ್ಲಿ ಸ್ವಲ್ಪ ನಿಲ್ಲೋಣ. ಸಿಎಚ್‌ಎಂ ಅನ್ನುವ ಮೈಕ್ರೋಸಾಫ್ಟ್‌ನ ಹೆಲ್ಪ್ ಫಾರ್ಮ್ಯಾಟ್ 1997ರಲ್ಲಿ ಬಂತು, ಇವತ್ತಿಗೂ ಜೀವಂತವಾಗಿದೆ. ಎಚ್‌ಟಿಎಂಎಲ್ ಪುಟಗಳು, ಚಿತ್ರಗಳು, ಪರಿವಿಡಿ, ಪದಸೂಚಿ ಎಲ್ಲವೂ ಒಂದೇ ಫೈಲಿನಲ್ಲಿ, ಅದೂ ಚೆನ್ನಾಗಿ ಕುಗ್ಗಿಸಿ. ವಿಂಡೋಸ್‌ನಲ್ಲಿ ಓದುವವರು ಏನೂ ಹಾಕಿಕೊಳ್ಳಬೇಕಿಲ್ಲ, ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಇಂಟರ್ನೆಟ್ ಇಲ್ಲದ ಜಾಗಕ್ಕೆ ಇಷ್ಟು ಅನುಕೂಲದ ಫಾರ್ಮ್ಯಾಟ್ ಇನ್ನೊಂದಿಲ್ಲ ಅಂತಲೇ ನನ್ನ ಅನಿಸಿಕೆ.

ತಯಾರಿಸಲು ಬೇಕಾದ್ದು ಮೈಕ್ರೋಸಾಫ್ಟ್‌ನ ಎಚ್‌ಟಿಎಂಎಲ್ ಹೆಲ್ಪ್ ವರ್ಕ್‌ಶಾಪ್. ಅದರೊಳಗೆ ಎಚ್‌ಎಚ್‌ಸಿ ಅನ್ನುವ ಕಂಪೈಲರ್ ಇದೆ. ನೀವು ಕೊಡಬೇಕಾದ್ದು ಪುಟಗಳು ಮತ್ತು ಮೂರು ಸಣ್ಣ ಫೈಲ್‌ಗಳು: ಪ್ರಾಜೆಕ್ಟ್‌ಗೆ ಎಚ್‌ಎಚ್‌ಪಿ, ಪರಿವಿಡಿಗೆ ಎಚ್‌ಎಚ್‌ಸಿ (ಕಂಪೈಲರ್‌ಗೂ ಇದೇ ಹೆಸರು), ಪದಸೂಚಿಗೆ ಎಚ್‌ಎಚ್‌ಕೆ. ಪ್ರೋಗ್ರಾಂ ತುಂಬಾ ಹಳೆಯದು, ಅದನ್ನು ಬೆಳೆಸುವ ಕೆಲಸ ನಿಂತು ಎಷ್ಟೋ ವರ್ಷವಾಯಿತು. ವಿಂಡೋಸ್ ಬೇಡ ಅನ್ನುವವರಿಗೆ ಫ್ರೀ ಪ್ಯಾಸ್ಕಲ್ ಜೊತೆ ಬರುವ ಸಿಎಚ್‌ಎಂಸಿಎಂಡಿ ಇದೆ, ಅದು ಲಿನಕ್ಸ್‌ನಲ್ಲೂ ನಡೆಯುತ್ತದೆ.

ಕಂಪೈಲ್ ಮಾಡುವುದನ್ನು ಸ್ಕ್ರಿಪ್ಟ್‌ಗೆ ಸೇರಿಸುವವರು ಒಂದು ವಿಚಿತ್ರ ನೆನಪಿಡಿ. ಜಗತ್ತಿನ ಬಹುಪಾಲು ಪ್ರೋಗ್ರಾಂಗಳು ಕೆಲಸ ಸರಿಯಾದರೆ 0 ಅಂತ ಉತ್ತರ ಕೊಟ್ಟು ಮುಗಿಯುತ್ತವೆ. ಎಚ್‌ಎಚ್‌ಸಿ ಕಂಪೈಲರ್ ಮಾತ್ರ ಸರಿಯಾದರೆ 1 ಕೊಡುತ್ತದೆ, ಕೆಟ್ಟರೆ 0! ಫೈಲ್ ನೆಟ್ಟಗೆ ತಯಾರಾಗಿ ಕೂತಿರುತ್ತದೆ, ಸ್ಕ್ರಿಪ್ಟ್ ಮಾತ್ರ ಫೇಲ್ ಅಂತ ಬೊಬ್ಬೆ ಹೊಡೆಯುತ್ತದೆ.

ಈಗ ಓದುವವರ ಕಡೆಯ ತೊಂದರೆಗಳು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಸಿಎಚ್‌ಎಂ ತೆರೆದರೆ ಎಡಗಡೆ ಪರಿವಿಡಿ ಕಾಣುತ್ತದೆ, ಬಲಗಡೆ ಪುಟ ಖಾಲಿ. ಫೈಲ್ ಕೆಟ್ಟಿಲ್ಲ. ಇದು ಹೊರಗಿನಿಂದ ಬಂದದ್ದು ಅಂತ ವಿಂಡೋಸ್ ಗುರುತು ಹಾಕಿದೆ, ಅಷ್ಟೇ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಅನ್‌ಬ್ಲಾಕ್ ಟಿಕ್ ಹಾಕಿದರೆ ಪುಟ ಬರುತ್ತದೆ. ಜಿಪ್ ಒಳಗೆ ಕಳಿಸಿದ್ದರೆ ಮೊದಲು ಜಿಪ್ ಅನ್ನೇ ಅನ್‌ಬ್ಲಾಕ್ ಮಾಡಿ, ಆಮೇಲೆ ಬಿಚ್ಚಿ. ಆಫೀಸಿನ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಇಟ್ಟು ಎಲ್ಲರೂ ಅಲ್ಲಿಂದಲೇ ತೆರೆಯಲಿ ಅಂದರೆ ಅದೂ ಆಗಲ್ಲ; 2005ರಲ್ಲಿ ಬಂದ ಸೆಕ್ಯುರಿಟಿ ಅಪ್‌ಡೇಟ್ ಅದನ್ನು ತಡೆದಿದೆ. ಅವರವರ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಳ್ಳಬೇಕು. ಇನ್ನೊಂದು: ಫೋಲ್ಡರ್ ಹೆಸರಿನಲ್ಲಿ # ಚಿಹ್ನೆ ಇದ್ದರೂ ಪುಟ ತೆರೆಯಲ್ಲ. 'ಸಿ#' ಅಂತ ಫೋಲ್ಡರ್ ಮಾಡಿಕೊಂಡ ಪ್ರೋಗ್ರಾಮರ್‌ಗಳು ಇದಕ್ಕೆ ಬಲಿಯಾಗುವುದು ಮಾಮೂಲು.

ಪುಟಗಳನ್ನು ತೋರಿಸುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್. ಎಕ್ಸ್‌ಪ್ಲೋರರ್ 11 ಅನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿವೃತ್ತಿ ಮಾಡಿತು, ಎಂಜಿನ್ ಮಾತ್ರ ವಿಂಡೋಸ್ ಒಳಗೆ ಉಳಿದಿದೆ. ಹಾಗಾಗಿ ಸಿಎಚ್‌ಎಂ ಇನ್ನೂ ತೆರೆಯುತ್ತದೆ, ಆದರೆ ಇವತ್ತಿನ ಸಿಎಸ್‌ಎಸ್ (ಪುಟದ ವಿನ್ಯಾಸದ ಭಾಷೆ) ಚಮತ್ಕಾರಗಳನ್ನು ಅದರಿಂದ ನಿರೀಕ್ಷಿಸಬೇಡಿ. ಸಾದಾ ಪುಟ, ಸಾದಾ ಟೇಬಲ್, ಅಷ್ಟಕ್ಕೆ ನಿಲ್ಲಿಸಿ. ಲಿನಕ್ಸ್‌ನಲ್ಲಿ ಓದಲು ಎಕ್ಸ್‌ಸಿಎಚ್‌ಎಂ ಇದೆ. ವಿಂಡೋಸ್‌ನಲ್ಲೇ ಬೇರೆ ದಾರಿ ಬೇಕಂದ್ರೆ ಸುಮಾತ್ರಾ ಪಿಡಿಎಫ್ ಕೂಡ ತೆರೆಯುತ್ತದೆ. ಒಳಗಿನ ಪುಟಗಳನ್ನು ಸುಮ್ನೆ ಹೊರತೆಗೆಯಬೇಕಾದರೆ 7-ಜಿಪ್ ಸಾಕು.

ಇನ್ನು ಭಾಷೆಯ ವಿಷಯ. ಪುಟಗಳನ್ನು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಸಿಎಚ್‌ಎಂ ಒಳಗೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಪರಿವಿಡಿ, ಪದಸೂಚಿ, ಹುಡುಕಾಟ ಮಾತ್ರ ಯೂನಿಕೋಡ್‌ಗಿಂತ ಹಿಂದಿನ ಕಾಲದ ಕೋಡ್ ಪೇಜ್‌ಗಳನ್ನು (ಒಂದೊಂದು ಭಾಷೆಯ ಗುಂಪಿಗೆ ಒಂದೊಂದು ಅಕ್ಷರಪಟ್ಟಿ) ನಂಬಿಕೊಂಡಿವೆ. ಗ್ರೀಕ್‌ಗೆ, ರಷ್ಯನ್‌ಗೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜ್ ಇದೆ. ಕನ್ನಡಕ್ಕೆ ಹಾಗೆ ಬಳಸಬಹುದಾದದ್ದು ಇಲ್ಲ, ಅದು ಅಲ್ಲಿಗೆ ಬಂದದ್ದೇ ಯೂನಿಕೋಡ್ ಆಗಿ. ಅದಕ್ಕೇ ಪರಿವಿಡಿಯಲ್ಲಿ ಸಾಲಾಗಿ ಪ್ರಶ್ನೆಚಿಹ್ನೆಗಳು ಕೂರುತ್ತವೆ. ಇದಕ್ಕೆ ಸುತ್ತುದಾರಿ ಹುಡುಕುತ್ತಾ ದಿನ ಕಳೆಯಬೇಡಿ. ಕನ್ನಡದ ಹೆಲ್ಪ್ ಆದರೆ ಸಿಎಚ್‌ಎಂ ಬಿಟ್ಟು ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 4: ಬ್ರೌಸರ್‌ನಲ್ಲಿ ತೆರೆಯುವ ಹೆಲ್ಪ್

ಓದುವವರಿಗೆ ಬೇಕಾದ್ದು ಒಂದು ಬ್ರೌಸರ್, ಅದು ಎಲ್ಲರ ಹತ್ತಿರವೂ ಇದೆ. ಸರ್ವರ್‌ನಲ್ಲಿ ಇಟ್ಟರೆ ತಲೆನೋವೇ ಇಲ್ಲ. ಬರೀ ಎಚ್‌ಟಿಎಂಎಲ್ ಫೈಲ್‌ಗಳನ್ನು ಕೊಡುವ ಯಾವ ಸರ್ವರ್ ಆದರೂ ನಡೆಯುತ್ತದೆ, ಡೇಟಾಬೇಸ್ ಬೇಡ.

ತೊಂದರೆ ಶುರುವಾಗೋದು ಅದೇ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಾಗ. ಪುಟ ತೆರೆಯುತ್ತದೆ, ಹುಡುಕಾಟ ಸತ್ತಿರುತ್ತದೆ. ಯಾಕಂದ್ರೆ ಕಂಪ್ಯೂಟರ್‌ನಲ್ಲಿರುವ ಒಂದು ಫೈಲ್ ಪಕ್ಕದ ಇನ್ನೊಂದು ಫೈಲನ್ನು ಜಾವಾಸ್ಕ್ರಿಪ್ಟ್ ಮೂಲಕ ಓದಲು ಕ್ರೋಮ್ ಬಿಡುವುದಿಲ್ಲ, 2019ರ ಆವೃತ್ತಿ 68ರಿಂದ ಫೈರ್‌ಫಾಕ್ಸ್ ಕೂಡ ಬಿಡುತ್ತಿಲ್ಲ. ಹುಡುಕಾಟದ ಪಟ್ಟಿ ಜೇಸನ್ ಅನ್ನುವ ಡೇಟಾ ಫೈಲಿನಲ್ಲಿದ್ದರೆ ಅದು ಓದಲು ಸಿಗುವುದೇ ಇಲ್ಲ. ಆ ಪಟ್ಟಿಯನ್ನೇ ಸ್ಕ್ರಿಪ್ಟ್ ಫೈಲಾಗಿ ಪುಟಕ್ಕೆ ಸೇರಿಸಿದರೆ ಈ ತಡೆ ಅಡ್ಡ ಬರಲ್ಲ. ಹೆಲ್ಪ್ ತಯಾರಿಸುವ ಸ್ಫಿಂಕ್ಸ್ ಅನ್ನುವ ಟೂಲ್ ಮಾಡುವುದು ಹಾಗೆಯೇ, ಅದಕ್ಕೇ ಅದರ ಹುಡುಕಾಟ ಪೆನ್‌ಡ್ರೈವ್‌ನಿಂದಲೂ ನಡೆಯುತ್ತದೆ. ಅಂಥದ್ದೇ ಇನ್ನೊಂದು ಟೂಲ್ ಎಂಕೆಡಾಕ್ಸ್‌ನ ಮಾಮೂಲಿ ಹುಡುಕಾಟ ನಡೆಯಲ್ಲ. ಎಂಕೆಡಾಕ್ಸ್‌ಗೆ ಮೆಟೀರಿಯಲ್ ಅನ್ನುವ ಥೀಮ್ ಬಳಸುವವರು ಅದರ ಆಫ್‌ಲೈನ್ ಪ್ಲಗಿನ್ ಹಾಕಿಕೊಳ್ಳಬೇಕು. ಜೊತೆಗೆ ಎಂಕೆಡಾಕ್ಸ್ ಪ್ರತಿ ಪುಟಕ್ಕೂ ಒಂದೊಂದು ಫೋಲ್ಡರ್ ಮಾಡುತ್ತದೆ. ಆ ಸೆಟ್ಟಿಂಗ್ ಆಫ್ ಮಾಡದಿದ್ದರೆ ಲಿಂಕ್ ಒತ್ತಿದಾಗ ಪುಟದ ಬದಲು ಫೋಲ್ಡರ್‌ನ ಪಟ್ಟಿ ತೆರೆದುಕೊಳ್ಳುತ್ತದೆ. ಪೈಥಾನ್ ಇರುವ ಕಂಪ್ಯೂಟರ್‌ನಲ್ಲಿ ಅದರದೇ ಪುಟ್ಟ ಸರ್ವರ್ ಓಡಿಸಿದರೂ ಆಗುತ್ತದೆ. ಆದರೆ ಅದು ನಿಮ್ಮ ಪರೀಕ್ಷೆಗೆ ಸರಿ, ಓದುವವರಿಗೆ ಹೇಳುವ ಮಾತಲ್ಲ, ಅಲ್ವಾ?

ಸಿಎಚ್‌ಎಂ ಬಿಟ್ಟು ಬಂದರೂ ಕನ್ನಡದ ಕಾಟ ಪೂರ್ತಿ ಮುಗಿಯಲ್ಲ. ಹುಡುಕಾಟದ ಎಷ್ಟೋ ಲೈಬ್ರರಿಗಳು ಪದ ಅಂದರೆ ಏನು ಅಂತ ತಿಳಿಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಹೇಳುವ ಸೂತ್ರ) ಬಳಸುತ್ತವೆ. ಅಲ್ಲಿ 'ಪದದ ಅಕ್ಷರ' ಅನ್ನುವ ಗುರುತಿಗೆ ಜಾವಾಸ್ಕ್ರಿಪ್ಟ್ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನೇ ಲೆಕ್ಕಕ್ಕೆ ತಗೊಳ್ಳುತ್ತದೆ, ಕನ್ನಡವೆಲ್ಲ ಅದಕ್ಕೆ ಕಸ. ಪೈಥಾನ್ ಸ್ವಲ್ಪ ವಾಸಿ, ಆದರೆ ಒತ್ತು, ಗುಣಿತದ ಚಿಹ್ನೆಗಳನ್ನು ಅದು ಅಕ್ಷರ ಅಂತ ಒಪ್ಪುವುದಿಲ್ಲ. 'ಕನ್ನಡ' ಅನ್ನುವ ಪದವನ್ನೇ ಅದು 'ಕನ', 'ನಡ' ಅಂತ ಎರಡು ತುಂಡು ಮಾಡುತ್ತದೆ. ಹಾಗಾಗಿ ಟೂಲ್ ಗಟ್ಟಿ ಮಾಡುವ ಮೊದಲೇ ನಾಲ್ಕು ಕನ್ನಡ ಪುಟ ಹಾಕಿ, ಒತ್ತಕ್ಷರ ಇರುವ ಪದಗಳನ್ನೇ ಹುಡುಕಿ ನೋಡಿ. ಕನ್ನಡದ ಫಾಂಟ್ ಕೂಡ ಹೆಲ್ಪ್ ಜೊತೆಗೇ ಕಳಿಸಿ. ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಹಂಚಲು ಅಡ್ಡಿಯಿಲ್ಲ.

ಹೆಜ್ಜೆ 5: ಉಳಿದವು, ಚುಟುಕಾಗಿ

ಜಾವಾಹೆಲ್ಪ್: ನಿಮ್ಮ ಪ್ರೋಗ್ರಾಂ ಜಾವಾದಲ್ಲಿದ್ದರೆ ಮಾತ್ರ ಯೋಚಿಸಿ, ಓದುವವರಿಗೂ ಜಾವಾ ಬೇಕು. ಕ್ಯೂಟಿ ಹೆಲ್ಪ್: ಕ್ಯೂಟಿ ಅನ್ನುವ ಪ್ರೋಗ್ರಾಮಿಂಗ್ ಲೈಬ್ರರಿ ಬಳಸಿ ಬರೆದ ಪ್ರೋಗ್ರಾಂಗಳಿಗೆ. ಕ್ಯೂಹೆಲ್ಪ್‌ಜನರೇಟರ್ ಬಳಸಿ ಕ್ಯೂಸಿಎಚ್ ಫೈಲ್ ಮಾಡಿ, ಓದಲು ಕ್ಯೂಟಿ ಅಸಿಸ್ಟೆಂಟ್‌ನಂಥದ್ದನ್ನೂ ಜೊತೆಗೆ ಕೊಡಬೇಕು. ಮ್ಯಾಕ್‌ನ ಹೆಲ್ಪ್ ಬುಕ್ ಬೇಕಾದರೆ ಅದರ ಹುಡುಕಾಟದ ಪಟ್ಟಿ ಮಾಡುವ ಎಚ್‌ಐಯುಟಿಲ್ ಮ್ಯಾಕ್‌ನಲ್ಲೇ ಇರುವುದು, ಅಂದರೆ ಒಂದು ಮ್ಯಾಕ್ ಬೇಕು.

ಪಿಡಿಎಫ್ ಎಲ್ಲ ಕಡೆ ತೆರೆಯುತ್ತದೆ, ಪ್ರಿಂಟ್ ತಗೊಳ್ಳುವವರಿಗೆ ಒಳ್ಳೆಯದು, ಫೋನಿನಲ್ಲಿ ಓದಲು ಹಿಂಸೆ. ಇ-ಪುಸ್ತಕದ ಫಾರ್ಮ್ಯಾಟ್ ಆದ ಇಪಬ್ ಫೋನಿಗೆ ಚೆನ್ನ. ಆದರೆ ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರ್ ಅದನ್ನು ತೆರೆಯುವುದನ್ನು 2019ರಲ್ಲೇ ನಿಲ್ಲಿಸಿತು, ಹಾಗಾಗಿ ಬೇರೆ ರೀಡರ್ ಬೇಕು. ಇಪಬ್ ಹೊರಡಿಸುವ ಮೊದಲು ತಪ್ಪು ಹುಡುಕುವ ಇಪಬ್‌ಚೆಕ್‌ನಲ್ಲಿ ಹಾಕಿ ನೋಡಿ, ಅದಕ್ಕೆ ಜಾವಾ ಬೇಕು.

ಹೆಜ್ಜೆ 6: ಈಗ ಟೂಲ್

ಬಲಗಡೆಯ ಪಟ್ಟಿ ತುಂಬಿದೆ, ಈಗ ಎಡಗಡೆಗೆ ಬನ್ನಿ. ಬರಹ ಒಂದೇ ಕಡೆ ಇರಬೇಕು, ಅದರಿಂದಲೇ ಎಲ್ಲ ಫಾರ್ಮ್ಯಾಟ್ ಹೊರಡಬೇಕು. ಪ್ರತಿ ಫಾರ್ಮ್ಯಾಟ್‌ಗೂ ಬೇರೆ ಬೇರೆ ಬರೆದರೆ ಮೂರನೇ ಅಪ್‌ಡೇಟ್ ಹೊತ್ತಿಗೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರಲ್ಲ.

ಸ್ಫಿಂಕ್ಸ್‌ಗೆ ಪೈಥಾನ್ ಸಾಕು. ವೆಬ್ ಪುಟ, ಇಪಬ್ ನೇರವಾಗಿ ಬರುತ್ತವೆ. ಸಿಎಚ್‌ಎಂ ಬೇಕಾದರೆ ಅದು ಪ್ರಾಜೆಕ್ಟ್ ಫೈಲ್ ತಯಾರಿಸಿ ಕೊಡುತ್ತದೆ, ಕಂಪೈಲ್ ಮಾಡಲು ಮತ್ತೆ ಹೆಲ್ಪ್ ವರ್ಕ್‌ಶಾಪ್ ಬೇಕು. ಪಿಡಿಎಫ್‌ಗೆ ಲೇಟೆಕ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಬೇಕು, ಅದೇ ಎಲ್ಲಕ್ಕಿಂತ ದೊಡ್ಡ ಇನ್‌ಸ್ಟಾಲ್. ಕನ್ನಡವಾದರೆ ಎಂಜಿನ್ ಅನ್ನು ಜೀಲೇಟೆಕ್‌ಗೆ ಬದಲಿಸಿ, ಮಾಮೂಲಿ ಪಿಡಿಎಫ್‌ಲೇಟೆಕ್‌ಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಡೀಟಾ (ಬರಹವನ್ನು ತುಂಡು ತುಂಡಾಗಿ ಬರೆದು ಜೋಡಿಸುವ ಎಕ್ಸ್‌ಎಂಎಲ್ ಪದ್ಧತಿ) ಬಳಸುವ ದೊಡ್ಡ ತಂಡಗಳಿಗೆ ಡೀಟಾ ಓಪನ್ ಟೂಲ್‌ಕಿಟ್ ಇದೆ, 4ನೇ ಸರಣಿಗೆ ಜಾವಾ 17 ಬೇಕು. ಮೌಸ್‌ನಲ್ಲೇ ಕೆಲಸ ಆಗಬೇಕು ಅನ್ನುವವರಿಗೆ ಮ್ಯಾಡ್‌ಕ್ಯಾಪ್ ಫ್ಲೇರ್, ಅಡೋಬಿ ರೋಬೋಹೆಲ್ಪ್, ಹೆಲ್ಪ್‌ಎನ್‌ಡಾಕ್ ಇವೆ. ಹೆಲ್ಪ್‌ಎನ್‌ಡಾಕ್ ಸ್ವಂತ ಬಳಕೆಗೆ ಉಚಿತ. ಒಬ್ಬರೇ ಬರೆಯುವವರಾದರೆ ದುಬಾರಿ ಟೂಲ್‌ಗೆ ಹೋಗುವ ಅಗತ್ಯ ನನಗಂತೂ ಕಾಣಲ್ಲ.

ಹೆಜ್ಜೆ 7: ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ

ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲವೂ ತೆರೆಯುತ್ತದೆ, ಯಾಕಂದ್ರೆ ಬೇಕಾದ್ದೆಲ್ಲ ಅಲ್ಲಿದೆ. ಪರೀಕ್ಷೆಗೆ ಏನೂ ಹಾಕಿರದ ಕಂಪ್ಯೂಟರ್ ಅಥವಾ ವರ್ಚುವಲ್ ಮಷಿನ್ ತಗೊಳ್ಳಿ. ಫೈಲನ್ನು ಕಾಪಿ ಮಾಡಬೇಡಿ, ಓದುವವರು ಮಾಡುವ ಹಾಗೆಯೇ ಡೌನ್‌ಲೋಡ್ ಮಾಡಿ. ಅನ್‌ಬ್ಲಾಕ್ ತೊಂದರೆ ಕಾಣುವುದು ಆಗಲೇ. ನೆಟ್ ಕಿತ್ತುಹಾಕಿ ಇನ್ನೊಂದು ಸಲ ತೆರೆಯಿರಿ. ಫಾಂಟ್ ಅಥವಾ ಸ್ಕ್ರಿಪ್ಟ್ ಹೊರಗಿನ ಸರ್ವರ್‌ನಿಂದ ಬರುತ್ತಿದ್ದರೆ ಪುಟ ತಕ್ಷಣ ಕಳೆಗುಂದುತ್ತದೆ.

ಎಲ್ಲ ಸರಿ ಬಂದ ಮೇಲೆ ಬಳಸಿದ ಟೂಲ್‌ಗಳ ಆವೃತ್ತಿ ಸಂಖ್ಯೆಗಳನ್ನು ಒಂದು ಪಠ್ಯ ಫೈಲಿನಲ್ಲಿ ಬರೆದು ಮೂಲ ಬರಹದ ಜೊತೆಗೇ ಇಡಿ. ಓದುವವರಿಗೆ ಬೇಕಾದ್ದನ್ನು ಡೌನ್‌ಲೋಡ್ ಬಟನ್‌ನ ಪಕ್ಕದಲ್ಲೇ ಒಂದು ಸಾಲಿನಲ್ಲಿ ಹೇಳಿ: ಯಾವ ಸಿಸ್ಟಂ, ಯಾವ ಬ್ರೌಸರ್, ಪುಟ ಖಾಲಿ ಬಂದರೆ ಏನು ಮಾಡಬೇಕು. ಅದನ್ನು ಹೆಲ್ಪ್‌ನ ಒಳಗೆ ಮಾತ್ರ ಬರೆದಿಟ್ಟರೆ, ಹೆಲ್ಪ್ ತೆರೆಯದವರು ಅದನ್ನು ಓದುವುದಾದರೂ ಹೇಗೆ?