ಮನೆಯಲ್ಲಿ ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜ್ ಆಗುತ್ತಿಲ್ಲವೇ? ಮೊದಲು ಅರ್ಥಿಂಗ್ ನೋಡಿ

ರಾಯಚೂರಿನ ಇವಿ ಗೆಳೆಯರೇ, ಪ್ಲಗ್ ಹಾಕಿದ ಕೂಡಲೇ ಚಾರ್ಜರ್‌ನಲ್ಲಿ ಕೆಂಪು ದೀಪ ಬಂದರೆ ಸುಮ್ನೆ ಸರ್ವಿಸ್ ಸೆಂಟರ್‌ಗೆ ಓಡಬೇಡಿ. ಮೊದಲು ಬೇರೊಬ್ಬರ ಮನೆಯ 16 ಆಂಪಿಯರ್ ಸಾಕೆಟ್‌ನಲ್ಲಿ ಹಾಕಿ ನೋಡಿ. ಚಾರ್ಜಿಂಗ್ ಕೇಂದ್ರದ ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಮನೆ ಸಾಕೆಟ್‌ನಲ್ಲಿ ಹಾಕಿದಾಗ ಕೆಲಸ ಮಾಡುವ ಕಾರಿನೊಳಗಿನ ಚಾರ್ಜರ್ ಅನ್ನು ಅದು ಬಳಸುವುದೇ ಇಲ್ಲ.

ಬೇರೆ ಮನೆಯಲ್ಲಿ ಚಾರ್ಜ್ ಆದರೆ ಅನುಮಾನ ನಿಮ್ಮ ಮನೆಯ ಅರ್ಥಿಂಗ್ ಮೇಲೆ, ಅಂದರೆ ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯ ಮೇಲೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ ಅಲ್ವಾ? ಆಗ ನೆಲದಲ್ಲಿ ಹೂತ ಅರ್ಥ್ ರಾಡ್‌ಗೂ ಮಣ್ಣಿಗೂ ಹಿಡಿತ ತಪ್ಪುತ್ತದೆ. ಫ್ರಿಜ್, ಟಿವಿ ಅದನ್ನು ಲೆಕ್ಕಿಸುವುದಿಲ್ಲ. ಇವಿ ಚಾರ್ಜರ್ ಮಾತ್ರ ಅರ್ಥ್ ಇಲ್ಲದಿದ್ದರೆ ಕೆಲಸವೇ ಮಾಡುವುದಿಲ್ಲ, ಅದು ಒಳ್ಳೆಯದೇ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ಇದ್ದರೆ ಪರವಾಗಿಲ್ಲ, ತುಂಬಾ ಜಾಸ್ತಿ ಇದ್ದರೆ ತೊಂದರೆ. ರಾಡ್ ಇರುವ ಗುಂಡಿಗೆ ನೀರು ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಅದು ತಾತ್ಕಾಲಿಕ. ಹೊಸ ರಾಡ್ ಹಾಕಿಸುವುದೇ ವಾಸಿ.

ಚಾರ್ಜ್ ಶುರುವಾಗಿ ನಡುವೆ ನಿಂತರೆ ಪ್ಲಗ್ ಬಿಸಿಯಾಗಿದೆಯೇ ನೋಡಿ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಸಂಜೆ ವೋಲ್ಟೇಜ್ ಇಳಿಯುವ ಬಡಾವಣೆಯಾದರೆ ರಾತ್ರಿ 11ರ ಮೇಲೆ ಟೈಮರ್ ಇಡಿ.